ಹೊಗೆಕೊಳವೆಯ ಮೇಲಿನ ಹಾಜಿ

ಆಲ್ಜೀರಿಯಾದ ನಮ್ಮೂರು ಸೂಕ್ ಅಹ್ರಾಸಿನಲ್ಲಿ ದೇವರು ಮೂಗು ಹಂಚಿದ ದಿನ ಊರಿನವರೆಲ್ಲ ಕಾಫಿ ಅಂಗಡಿಯಲ್ಲಿ ಕೂತು ಹರಟುತ್ತಿದ್ದರೆಂದೂ, ತಾವೂಸ್ ಒಬ್ಬಳೇ ಸಾಲಿನಲ್ಲಿ ನಿಂತು ಎಲ್ಲರ ಪಾಲನ್ನೂ ಮನೆಗೆ ತಂದಳೆಂದೂ ನನ್ನ ಬಲವಾದ ಅನುಮಾನ. ಬೀದಿಯ ಆ ತುದಿಯಲ್ಲಿ ಯಾರಾದರೂ ಗೋಧಿ ರವೆಯ ಕುಸ್ಕುಸಿಗೆ ಸಾರು ಇಟ್ಟರೆ ಅವಳು ಈ ತುದಿಯಲ್ಲಿ ಕೂತು, "ಉಪ್ಪು ಕಮ್ಮಿ ಆಯ್ತು" ಎನ್ನುವಳು. ಉಪ್ಪಿಗೆ ವಾಸನೆಯೇ ಇಲ್ಲವಲ್ಲ ಎಂದರೆ, "ನಿನಗಿಲ್ಲ, ನನಗಿದೆ" ಎಂದು ಬಾಯಿ ಮುಚ್ಚಿಸುವಳು. ಅವಳ ಗಂಡ, ರೈಲ್ವೆಯಲ್ಲಿದ್ದ ಮಬ್ರೂಕ್, ಡಾಮಿನೋ ಆಡಿ ಬಂದರೆ ಬಾಗಿಲಲ್ಲೇ ಮೂಸಿ ನೋಡಿ ಸೋತನೋ ಗೆದ್ದನೋ ಹೇಳಿಬಿಡುವಳು. ಪಾಪ, ಅವನು ಸತ್ತದ್ದು ಎದೆನೋವಿನಿಂದ ಎಂದು ಡಾಕ್ಟರು ಬರೆದರು. ಗುಟ್ಟು ಅನ್ನುವುದೇ ಇಲ್ಲದ ಬಾಳಿನಿಂದ ಎಂದು ಕಾಫಿ ಅಂಗಡಿಯ ನಾವು ತೀರ್ಮಾನಿಸಿದೆವು.

ಅಂಥ ಮೂಗಿನವಳ ಮನೆಗೆ ಒಂದು ಚಳಿಗಾಲದಲ್ಲಿ ಬಣ್ಣವಿಲ್ಲದ, ಸದ್ದಿಲ್ಲದ, ವಾಸನೆಯಂತೂ ಮೊದಲೇ ಇಲ್ಲದ ಒಂದು ಗಾಳಿ ಹೊಕ್ಕು ಸೊಸೆಯನ್ನು ಎತ್ತಿಕೊಂಡು ಹೋಗಲು ಹೊಂಚು ಹಾಕಿ ಕೂತಿತು. ಅದಕ್ಕೆ ಬಾಗಿಲು ತೆರೆದವಳು ತಾವೂಸಳೇ. ತೆರೆದದ್ದು ಭಕ್ತಿಯಿಂದ.

ನಾನು ಗೋಡೆಯಾಚೆಯ ಮನೆಯವನು, ಕತ್ತರಿ ಕೆಳಗಿಟ್ಟ ಕ್ಷೌರಿಕ. ನಮ್ಮಿಬ್ಬರ ಅಂಗಳಕ್ಕೆ ನಡುವೆ ಒಂದೇ ಗೋಡೆ. ಅದನ್ನು ಕಟ್ಟಿದವರು ಕುರಿ ದಾಟಬಾರದೆಂದು ಕಟ್ಟಿದ್ದರು. ತಾವೂಸಳ ದನಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಅವಳದು ಫ್ರೆಂಚರ ಕಾಲದ ಹೆಂಚಿನ ಮನೆ. ಅಡುಗೆಮನೆಯ ಮೂಲೆಯಿಂದ ಇಟ್ಟಿಗೆಯ ದಪ್ಪ ಹೊಗೆಕೊಳವೆಯೊಂದು ಮಾಡು ಸೀಳಿಕೊಂಡು ಮೇಲೆ ಹೋಗುತ್ತದೆ. ಯಾವುದೋ ಕಾಲದಲ್ಲಿ ಅದರಡಿ ಸೌದೆ ಉರಿಯುತ್ತಿತ್ತು. ಉರಿ ನಿಂತ ಮೇಲೆ ಅದರ ತಲೆಯ ಮೇಲೆ ಒಂದು ಜೋಡಿ ಕೊಕ್ಕರೆ ಬಂದು ಮನೆ ಮಾಡಿತು. ನಮ್ಮಲ್ಲಿ ಕೊಕ್ಕರೆ ಎಂದರೆ ಬರಿಯ ಹಕ್ಕಿಯಲ್ಲ, ಹಾಜಿ. ಬೇಸಿಗೆ ಮುಗಿಯುವಾಗ ದಕ್ಷಿಣಕ್ಕೆ ಹಾರಿಹೋಗುತ್ತದೆ, ಚಳಿಗಾಲದ ನಡುವೆ ಬಿಳಿ ಬಟ್ಟೆಯಲ್ಲಿ ಹಿಂದಿರುಗುತ್ತದೆ. ಮಕ್ಕಾಕ್ಕಲ್ಲದೆ ಇನ್ನೆಲ್ಲಿಗೆ ಹೋಗಿರುತ್ತದೆ? ಹಾಜಿಯ ಗೂಡಿಗೆ ಕೈ ಹಾಕಿದವನ ಮನೆ ಉದ್ಧಾರವಾದದ್ದನ್ನು ಯಾರೂ ಕಂಡಿಲ್ಲ. ಮಬ್ರೂಕ್ ಸಾಯುವ ಮುಂಚೆ ಹೆಂಡತಿಗೆ ಹೇಳಿದ ಕೊನೆಯ ಮಾತು, "ಹಾಜಿಯನ್ನ ನೋಡ್ಕೋ." ಮಗನನ್ನು ನೋಡಿಕೋ ಎನ್ನಲಿಲ್ಲ. ಮಗ ಲಝ್ಹರ್ ಅಲ್ಲೇ ಮಂಚದ ಪಕ್ಕ ನಿಂತಿದ್ದ, ಇವತ್ತಿಗೂ ಆ ಮಾತು ಎತ್ತಿದರೆ ಮುಖ ಸಿಂಡರಿಸುತ್ತಾನೆ.

ಗೂಡು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಕಡ್ಡಿಯ ಮೇಲೆ ಕಡ್ಡಿ, ಅದರ ಮೇಲೆ ಮಣ್ಣು, ಅದರ ಮೇಲೆ ಯಾರದೋ ಲಂಗದ ಚೂರು. ನಾನು ಕಂಡಾಗಲಂತೂ ಒಳಗೆ ಎರಡು ಕೋಣೆ, ಒಂದು ಬಚ್ಚಲು ಇರುವಷ್ಟು ಆಗಿತ್ತು. ನಗರಸಭೆಯವರು ಅದಕ್ಕೆ ಮನೆ ನಂಬರ್ ಕೊಡದಿದ್ದದ್ದು ಏಣಿ ಹತ್ತುವ ಸೋಮಾರಿತನದಿಂದ ಮಾತ್ರ.

ಲಝ್ಹರ್ ಮದುವೆಯಾಗಿ ಕೆಲವು ವರ್ಷವಾಗಿತ್ತು. ಸೊಸೆ ನವಾರಾ ಹೊಲಿಗೆಯವಳು, ಗಂಡನಿಗಿಂತ ಒಂದು ಗೇಣು ಎತ್ತರ, ಅತ್ತೆಗಿಂತ ಒಂದು ಮಾತು ಕಡಿಮೆ. ಮಕ್ಕಳಾಗಿರಲಿಲ್ಲ. ತಾವೂಸಳಿಗೆ ಬಾಳಿನಲ್ಲಿ ಬೇಕಾದದ್ದು ಇನ್ನು ಒಂದೇ: ತೊಡೆಯ ಮೇಲೆ ಒಂದು ಮೊಮ್ಮಗು. ಅದಕ್ಕಾಗಿ ಹರಕೆ ಹೊತ್ತಳು, ಊರ ಬಿಸಿನೀರಿನ ಸ್ನಾನದಮನೆ ಹಮಾಮಿನಲ್ಲಿ ಸಿಕ್ಕ ಸಿಕ್ಕ ಹೆಂಗಸರ ಔಷಧಿ ಕೇಳಿಕೊಂಡು ಬಂದಳು, ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿ ಮತ್ತೆ ಅಟ್ಟಕ್ಕೇರಿಸುವುದನ್ನು ಹಬ್ಬದ ಕೆಲಸದಂತೆ ಮಾಡುತ್ತಾ ಬಂದಳು.

"ಮಗು ಬರೋ ಮನೆ ಬೆಚ್ಚಗಿರಬೇಕು" ಎಂದು ಆ ಶರತ್ಕಾಲದಲ್ಲಿ ಗ್ಯಾಸಿನ ಬಾಯ್ಲರ್ ಹಾಕಿಸಿದ್ದೂ ಅವಳೇ. ನಮ್ಮೂರ ಚಳಿಯನ್ನು ಅಲ್ಲಗಳೆಯುವಂತಿಲ್ಲ. ಫೆಬ್ರವರಿಯಲ್ಲಿ ಕಸಾಯಿ ಅಂಗಡಿಯಲ್ಲಿ ತೂಗುಹಾಕಿದ ಕುರಿ ತನ್ನ ತುಪ್ಪಳ ವಾಪಸು ಕೊಡಿ ಎಂದು ಕೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಬಾಯ್ಲರ್ ಕೂರಿಸಲು ಬಂದವನು ಬೂಜಮಾ, ನಮ್ಮ ಬೀದಿಗೆಲ್ಲ ನಲ್ಲಿ, ಗ್ಯಾಸು ನೋಡುವ ಮಿಸ್ತ್ರಿ. ಅವನು ಹಳೆಯ ಹೊಗೆಕೊಳವೆಗೆ ತಲೆ ತೂರಿಸಿ ಮೇಲೆ ನೋಡಿ, ತಲೆ ಹೊರಗೆ ತೆಗೆದು ಕೆರೆದುಕೊಂಡ.

"ಖಾಲ್ತಿ, ಮೇಲೆ ಗೂಡಿದೆಯಲ್ಲ. ಬಾಯ್ಲರ್ ಹೊಗೆ ಎಲ್ಲಿಂದ ಹೋಗ್ಬೇಕು? ಹಕ್ಕಿ ಈಗ ಊರಲ್ಲಿಲ್ಲ, ಅದನ್ನ ಕೆಳಗಿಳಿಸಿಬಿಡೋಣ."

ಖಾಲ್ತಿ ಎಂದರೆ ಚಿಕ್ಕಮ್ಮ. ನನ್ನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಅವಳು ಖಾಲ್ತಿ ತಾವೂಸ್.

"ಹಾಜಿ ಯಾತ್ರೆಗೆ ಹೋಗಿದ್ದಾರೆ. ಯಾತ್ರೆಗೆ ಹೋದವರ ಮನೆ ಬೀಗ ಒಡೀತೀಯೇನೋ? ನಿಮ್ಮಪ್ಪ ಇಂಥ ಬುದ್ಧಿ ಕಲಿಸಿರಲಿಲ್ಲ."

"ಅಯ್ಯೋ, ಒಡೆಯೋದಲ್ಲ ಖಾಲ್ತಿ..."

"ಕಡ್ಡಿ ಗೂಡು ಕಣೋ ಅದು, ಸಿಮೆಂಟಲ್ಲ. ಹೊಗೆ ಕಡ್ಡಿ ಸಂದೀಲಿ ನುಸುಳ್ಕೊಂಡು ಹೋಗುತ್ತೆ. ಹಾಜಿ ಕಾಲಿಗೂ ಬಿಸಿ ತಾಗ್ಲಿ, ಪುಣ್ಯ ಬರುತ್ತೆ."

ಬೂಜಮಾ ಕಾಗದ ಹೊತ್ತಿಸಿ ಹಿಡಿದು ನೋಡಿದ. ಹೊಗೆ ಮೇಲಕ್ಕೇ ಹೋಯಿತು, ಆದರೆ ಮನಸ್ಸಿಲ್ಲದ ಸೊಸೆ ತವರಿನಿಂದ ಹೊರಟಂತೆ ನಿಂತು ನಿಂತು ಹೋಯಿತು. ಅಲ್ಲಿಗೆ ಅವನು ಕೆಲಸ ನಿಲ್ಲಿಸಬೇಕಿತ್ತು. ಆದರೆ ತಾವೂಸಳ ಮುಂದೆ ಕೆಲಸ ನಿಲ್ಲಿಸಿದ ಗಂಡಸು ಈ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. "ಬೇಗ ಬೇರೆ ಕೊಳವೆ ಹಾಕಿಸಿ ಖಾಲ್ತಿ" ಎಂದು ಗೊಣಗಿ ಬಾಯ್ಲರನ್ನು ಅದಕ್ಕೇ ಜೋಡಿಸಿದ. ಹೋಗುವ ಮುಂಚೆ ಅಡುಗೆಮನೆಯ ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ತೂತು ಕೊರೆದು, "ಇದನ್ನ ಮಾತ್ರ ಮುಚ್ಚಬೇಡಿ, ಉರಿಗೆ ಉಸಿರು ಬೇಕು" ಎಂದ.

ಅವನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಗುವ ಮೊದಲೇ ತಾವೂಸ್ ಮಬ್ರೂಕನ ಹಳೆಯ ಉಣ್ಣೆಯ ನಿಲುವಂಗಿಯನ್ನು ಸುತ್ತಿ ಆ ತೂತಿಗೆ ತುರುಕಿದಳು. "ಬೆಚ್ಚಗಿರೋಕೆ ಅಂತ ಬಾಯ್ಲರ್ ಹಾಕಿಸಿ, ಗೋಡೆಗೆ ತೂತು ಕೊರೆದು ಚಳೀನ ಔತಣಕ್ಕೆ ಕರೆಯೋದು ಎಂಥ ವಿದ್ಯೆಯೋ!"

ಡಿಸೆಂಬರ್ ಸುಖವಾಗಿ ಕಳೆಯಿತು. ಅವಳ ಬೆಚ್ಚಗಿನ ಅಡುಗೆಮನೆ ನೋಡಲು ಬೀದಿಯೇ ಬಂತು. ನಾನೂ ಸಕ್ಕರೆ ಕೇಳುವ ನೆವದಲ್ಲಿ ಎಷ್ಟೋ ಸಲ ಹೋದೆ. ಆ ತಿಂಗಳು ನಮ್ಮ ಮನೆಯಲ್ಲಿ ಕೂಡಿದ ಸಕ್ಕರೆಯಿಂದ ಒಂದು ಮದುವೆ ಮಾಡಬಹುದಿತ್ತು.

ಜನವರಿ ಕಡೆಯಲ್ಲಿ ಹಾಜಿ ಹಿಂದಿರುಗಿದರು. ಯಾತ್ರೆಯಿಂದ ಬಂದವರು ಮನೆ ರಿಪೇರಿ ಮಾಡಿಸುವುದು ಲೋಕರೂಢಿ. ಈ ಸಲ ಹಾಜಿಗಳು ಹುಮ್ಮಸ್ಸಿನಲ್ಲಿದ್ದರು. ಹಸಿ ಮಣ್ಣು ತಂದರು, ಸಗಣಿ ತಂದರು, ಹೊಲದ ಪ್ಲಾಸ್ಟಿಕ್ ಹಾಳೆ ತಂದರು, ತಂತಿಯ ಮೇಲೆ ಒಣಗಲು ಹಾಕಿದ್ದ ಲಝ್ಹರನ ಒಂದು ಕಾಲುಚೀಲವನ್ನೂ ಒಯ್ದರು. "ಎರಡೂ ಒಯ್ದಿದ್ರೆ ಕಳ್ಳತನ; ಒಂದೇ ಒಯ್ದದ್ದು ನೆನಪಿಗೆ" ಎಂದು ತಾವೂಸ್ ಹೆಮ್ಮೆಪಟ್ಟಳು. ಹೀಗೆ ಕಡ್ಡಿಯ ಸಂದುಗಳೆಲ್ಲ ಒಂದೊಂದಾಗಿ ಮುಚ್ಚಿಹೋದವು. ಮೇಲೆ ಹಾಜಿಯ ಮಣ್ಣು, ಕೆಳಗೆ ಮಬ್ರೂಕನ ನಿಲುವಂಗಿ. ನಡುವೆ ಬಾಯ್ಲರ್ ಉಸಿರುಕಟ್ಟಿ ಉರಿಯತೊಡಗಿತು. ಅದರ ನೀಲಿ ಜ್ವಾಲೆ ಹಳದಿಗೆ ತಿರುಗಿತು. "ನೋಡು, ಬಂಗಾರದ ಬಣ್ಣ" ಎಂದಳು ತಾವೂಸ್. ಕಿಟಕಿಯ ಗಾಜು ದಿನವಿಡೀ ಬೆವರುತ್ತಿತ್ತು. "ಎಷ್ಟು ಬೆಚ್ಚಗಿದೆ ನೋಡು" ಎಂದಳು.

ಅದೇ ವಾರ ನವಾರಾಳಿಗೆ ಬೆಳಗ್ಗೆ ತಲೆಸುತ್ತು. ಮಧ್ಯಾಹ್ನ ವಾಂತಿ.

ನಾನು ಅಂಗಳದಲ್ಲಿ ಬಿಸಿಲು ಕಾಯುತ್ತಾ ಕೂತಿದ್ದೆ. ಗೋಡೆಯ ಮೇಲೆ ತಾವೂಸಳ ತಲೆ ಮೂಡಿತು. ಆ ವಯಸ್ಸಿನಲ್ಲಿ ಅವಳು ಏನನ್ನು ಹತ್ತಿ ನಿಂತಿದ್ದಳೋ ದೇವರೇ ಬಲ್ಲ.

"ಅಲ್ಲಾವಾ! ಏ ಅಲ್ಲಾವಾ! ಸತ್ತಿದ್ದೀಯಾ, ಬದುಕಿದ್ದೀಯಾ?"

"ಯಾವುದಾದ್ರೆ ಲಾಭ, ಮೊದಲು ಹೇಳು."

"ನವಾರಾ ವಾಂತಿ ಮಾಡ್ಕೊಂಡ್ಳು ಕಣೋ!" ಎಂದು ಲಾಟರಿ ಹೊಡೆದವರಂತೆ ಕೂಗಿ, ಒಂದು ಬಟ್ಟಲು ನನ್ನ ಕೈಗಿಟ್ಟಳು. ಜೇನು, ತುಪ್ಪ, ಎಳ್ಳು ಕಲಸಿದ ಝರೀರ್. ನಮ್ಮಲ್ಲಿ ಅದನ್ನು ಮಗು ಹುಟ್ಟಿದ ಮೇಲೆ ಹಂಚುತ್ತಾರೆ.

"ಇನ್ನೂ ಹುಟ್ಟಿಲ್ಲವಲ್ಲೇ?"

"ಎಳ್ಳು ಚೆನ್ನಾಗಿ ಸಿಕ್ತು. ನೀನು ತಿನ್ನು, ನಿನ್ನ ಗಂಟೇನು ಹೋಗುತ್ತೆ?"

ಒಳಗಿನಿಂದ ನವಾರಾಳ ದನಿ ಬಂತು. "ಲಾಲ್ಲಾ, ಹಾಗೇನೂ ಇಲ್ಲ ಅಂತ ಹೇಳಿದ್ನಲ್ಲ. ನನಗೆ ಗೊತ್ತಾಗಲ್ವಾ? ತಲೆ ಸಿಡೀತಿದೆ, ಅಷ್ಟೇ." ಅತ್ತೆಯನ್ನು ಅವಳು ಲಾಲ್ಲಾ ಎಂದೇ ಮರ್ಯಾದೆಯಿಂದ ಕರೆಯುತ್ತಿದ್ದಳು, ಜಗಳದಲ್ಲಿ ಕೂಡ.

"ನಿನಗೇನು ಗೊತ್ತು? ನನ್ನ ಮೂಗಿಗೆ ಗೊತ್ತಾಗಿದೆ. ಮನೇಲಿ ಮಗು ವಾಸನೆ ಬಂದಿದೆ!"

ಮಾರನೆಯ ದಿನ ಲಝ್ಹರನಿಗೂ ತಲೆಸುತ್ತು, ಹೊಟ್ಟೆ ತೊಳಸು. ಕಾಫಿ ಅಂಗಡಿಯಲ್ಲಿ ನಾವು ಅವನಿಗೆ ಹುಣಿಸೆ ತರಿಸಿಕೊಡೋಣವೇ ಎಂದು ಕೇಳಿದೆವು. ಹೆಂಡತಿಯ ಮೇಲಿನ ಪ್ರೀತಿಗೆ ಗಂಡನೂ ಬಸುರಿಯಾಗುವುದುಂಟು ಎಂದು ತಾವೂಸ್ ಸಾರಿದಳು. ಮೂರನೆಯ ದಿನ ಬೆಳಗ್ಗೆ ಸ್ವತಃ ತಾವೂಸಳೇ ವಾಂತಿಗೆ ಬೋಗುಣಿ ಹಿಡಿದು ಬಾಗಿಲ ಬಳಿ ಕೂತಳು.

"ನಿನಗೂನಾ ತಾವೂಸ್? ಮಬ್ರೂಕ್ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾನೆ!"

"ಬಾಯಿ ಮುಚ್ಚೋ, ಹಜಾಮ! ಕಣ್ಣು ತಾಗಿದೆ. ಊರೆಲ್ಲ ಬಂದು ನನ್ನ ಬಾಯ್ಲರ್ ನೋಡ್ಕೊಂಡು ಹೋಯ್ತಲ್ಲ."

ಕಣ್ಣಿನ ದೋಷಕ್ಕೆ ಸಾಂಬ್ರಾಣಿ ಹಾಕಿದಳು. ಎಷ್ಟು ಹಾಕಿದಳೆಂದರೆ, ಕಣ್ಣು ಹಾಕಿದವರಿರಲಿ, ಕಣ್ಣಿದ್ದವರು ಯಾರೂ ಒಳಗೆ ನಿಲ್ಲುವಂತಿರಲಿಲ್ಲ. ಆ ಹೊಗೆ ತಾಳಲಾರದೆ ನವಾರಾ ಕಿಟಕಿ ಬಾಗಿಲೆಲ್ಲ ತೆಗೆದಳು. ಸ್ವಲ್ಪ ಹೊತ್ತಿನಲ್ಲಿ ಮೂವರ ತಲೆನೋವೂ ಇಳಿಯಿತು. "ನೋಡಿದ್ರಾ!" ಎಂದು ತಾವೂಸ್ ಗೆದ್ದಳು. ಸಾಂಬ್ರಾಣಿಗೆ ಸಂದ ಆ ಕೀರ್ತಿ ನಿಜವಾಗಿ ಕಿಟಕಿಗೆ ಸಲ್ಲಬೇಕಿತ್ತು; ಆದರೆ ಕಿಟಕಿಗೆ ಯಾರು ಹರಕೆ ಹೊರುತ್ತಾರೆ? ಕಿಟಕಿ ಮುಚ್ಚಿದರು. ಸಂಜೆಗೆ ಮತ್ತೆ ತಲೆನೋವು.

ಲಝ್ಹರನಿಗೆ ಗ್ಯಾಸಿನ ಸಂಶಯ ಬಂದದ್ದು ನಿಜ. "ಅಮ್ಮಾ, ಗ್ಯಾಸೇನಾದ್ರೂ ಸೋರ್ತಿದೆಯಾ?" ಎಂದ. ತಾವೂಸ್ ಒಲೆಯಿಂದ ಮೀಟರಿನವರೆಗೆ ಕೊಳವೆಯುದ್ದಕ್ಕೂ ಮೂಗು ಉಜ್ಜಿಕೊಂಡು ಹೋಗಿ ಬಂದಳು, ಸಾಬೂನಿನ ನೊರೆ ಬಳಿದೂ ನೋಡಿದಳು. "ಒಂದು ಗುಳ್ಳೆ ಇಲ್ಲ. ಒಂದು ಚೂರು ವಾಸನೆ ಇಲ್ಲ. ನನ್ನ ಮೂಗಿಗೆ ತಪ್ಪಿಸ್ಕೊಂಡು ಹೋಗೋ ಗ್ಯಾಸು ಆಲ್ಜೀರಿಯಾದ ನೆಲದಲ್ಲಿ ಹುಟ್ಟಿಲ್ಲ."

ಅವಳು ಹೇಳಿದ್ದು ನಿಜವೇ. ಗ್ಯಾಸು ಸೋರುತ್ತಿರಲಿಲ್ಲ. ಕೊಲ್ಲಲು ಬಂದದ್ದು ಗ್ಯಾಸಲ್ಲ. ಗ್ಯಾಸು ಸರಿಯಾಗಿ ಉರಿಯದೆ ಹುಟ್ಟಿದ ಅದರ ಅಡ್ಡಕಸುಬಿ ಮಗ.

ಶುಕ್ರವಾರ ಬಂತು. ಕುಸ್ಕುಸಿನ ದಿನ. ನವಾರಾಳನ್ನು ನೋಡಿ ಖಚಿತ ಹೇಳಲಿ ಎಂದು ತಾವೂಸ್ ಹಳೆಯ ಸೂಲಗಿತ್ತಿ ಖಮೀಸಾಳನ್ನು ಊಟಕ್ಕೆ ಕರೆದಿದ್ದಳು. ಈ ಬೀದಿಯ ಅರ್ಧ ಜನರನ್ನು ಕಾಲು ಹಿಡಿದು ಲೋಕಕ್ಕೆ ಎಳೆದವಳು ಖಮೀಸಾ. ಉಳಿದರ್ಧ ಅವಳಿಗೆ ಹೆದರಿ ತಾವೇ ಬಂದವರು. ನನಗೂ ಕರೆಯಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಬಾಯ್ಲರ್ ಬೆಳಗಿನಿಂದ ಉರಿಯುತ್ತಿತ್ತು, ಕಿಟಕಿ ಬಿಗಿಯಾಗಿ ಮುಚ್ಚಿತ್ತು.

ಲಝ್ಹರ್ ಬಂದದ್ದು ಕಾಫಿ ಅಂಗಡಿಯಿಂದ, ಕೈಯಲ್ಲಿ ಪಂಜರ. ಪಂಜರದಲ್ಲಿ ಅವನ ಮಕ್ನೀನ್, ಕೆಂಪು ಮುಖದ ಪುಟ್ಟ ಹಾಡುಹಕ್ಕಿ. ನಮ್ಮೂರ ಗಂಡಸರು ಹೆಂಡತಿಯ ಹುಟ್ಟಿದ ದಿನ ಮರೆತಾರು, ಮಕ್ನೀನಿಗೆ ಕಾಳು ಹಾಕುವುದು ಮರೆಯರು. ಬೆಳಗ್ಗೆ ಹಕ್ಕಿಯನ್ನು ಕಾಫಿ ಅಂಗಡಿಗೆ ಒಯ್ದು ಬೇರೆಯವರ ಹಕ್ಕಿಗಳೊಡನೆ ಹಾಡಲು ಬಿಡುವುದು ಪದ್ಧತಿ. ಅವತ್ತು ಅದು ಎಷ್ಟು ಹಾಡಿತ್ತೆಂದರೆ, ಮಸೀದಿಗೆ ಹೊರಟವರು ಅರ್ಧ ದಾರಿಯಲ್ಲಿ ನಿಂತು ಕೇಳಿದ್ದರು. ಸಾಮಾನ್ಯವಾಗಿ ಪಂಜರ ಅಂಗಳದಲ್ಲಿ ಇರುತ್ತಿತ್ತು. ಹಿಮ ಬೀಳುತ್ತಿದೆಯೆಂದು ಲಝ್ಹರ್ ಅದನ್ನು ಅಡುಗೆಮನೆಗೆ ತಂದು ಬಾಯ್ಲರಿನ ಪಕ್ಕದ ಮೊಳೆಗೆ ತೂಗುಹಾಕಿದ.

"ಹಾಡಪ್ಪಾ, ಅತಿಥಿಗಳಿದ್ದಾರೆ" ಎಂದ.

ಹಕ್ಕಿ ಒಂದು ಸಲ ಚಿಲಿಪಿಲಿಗುಟ್ಟಿ ಸುಮ್ಮನಾಯಿತು.

ಖಮೀಸಾ ನವಾರಾಳ ಕಣ್ಣುರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಒತ್ತಿದಳು, ಮತ್ತೆ ಒತ್ತಿದಳು. "ತಾವೂಸ್, ನನಗೇನೋ..." ಎಂದು ತಡೆದಳು. ತಾವೂಸ್ ಬಾಯಿ ತೆರೆದು ಕಾಯುತ್ತಿದ್ದಳು. "ನನಗೇನೋ ಹೊಟ್ಟೆ ತೊಳಸ್ತಿದೆ ಕಣೇ" ಎಂದು ಖಮೀಸಾ ಮಾತು ಮುಗಿಸಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಸೂಲಗಿತ್ತಿಗೂ ಬಸಿರು!" ಎಂದು ನಾನು ನಗಲು ಹೋದೆ. ನಗು ಬಂತು, ಅದರ ಹಿಂದೆ ಅಡುಗೆಮನೆಯೂ ಒಂದು ಸುತ್ತು ತಿರುಗಿ ಬಂತು. ನನ್ನ ಕಾಲು ಯಾರದೋ ಕಾಲಿನಂತೆ ಅನ್ನಿಸಿತು.

ಆಗ ಪಂಜರದಲ್ಲಿ ಪಟ್ ಎಂದು ಸದ್ದಾಯಿತು. ಮಕ್ನೀನ್ ಕೋಲಿನಿಂದ ಕೆಳಗೆ ಬಿದ್ದು ರೆಕ್ಕೆ ಹರಡಿಕೊಂಡಿತ್ತು.

ಹೆಂಡತಿ ವಾರವಿಡೀ ವಾಂತಿ ಮಾಡಿದಾಗ ಅಲುಗದವನು ಆಗ ಅಲುಗಿದ. "ಅಯ್ಯೋ ನನ್ನ ಕಂದಾ!" ಎಂದು ಪಂಜರ ಕಿತ್ತುಕೊಂಡು ಅಂಗಳಕ್ಕೆ ಓಡಿದ. ತೆರೆದ ಬಾಗಿಲಿನಿಂದ ನಾವೆಲ್ಲ ನೋಡುತ್ತಿದ್ದೆವು. ಹಿಮದಲ್ಲಿ ನಿಂತು ಊದಿದ, ಬೇಡಿದ, ಅತ್ತ. ಸ್ವಲ್ಪ ಹೊತ್ತಿಗೆ ಹಕ್ಕಿ ತಲೆ ಎತ್ತಿತು. ಇನ್ನೂ ಸ್ವಲ್ಪ ಹೊತ್ತಿಗೆ ಕೋಲು ಹತ್ತಿ ಕೂತಿತು.

ಗೋಡೆಗೊರಗಿ ಕೂತಿದ್ದ ನವಾರಾ ಇದನ್ನು ನೋಡುತ್ತಿದ್ದಳು. ಅವಳ ಮುಖ ಬೆಳ್ಳಗಾಗಿತ್ತು, ಆದರೆ ತಲೆ ಓಡುತ್ತಿತ್ತು.

"ಲಾಲ್ಲಾ," ಎಂದಳು ಮೆಲ್ಲಗೆ, "ಹಕ್ಕಿಗೂ ಬಸಿರಾ?"

ಬಾಗಿಲಾಚೆಯ ಪಂಜರದ ಕಡೆ ಬೆರಳು ತೋರಿಸಿದಳು.

"ಹಕ್ಕಿ ಕಾಫಿ ಅಂಗಡೀಲಿ ಹಾಡ್ತು, ಇಲ್ಲಿ ಬಿತ್ತು, ಹೊರಗೆ ಎದ್ದಿತು. ನಾನೂ ಹಾಗೇ. ನಮ್ಮಮ್ಮನ ಮನೆಗೆ ಹೋದ ದಿನ ಚೆನ್ನಾಗಿದ್ದೆ. ಕಿಟಕಿ ತೆಗೆದ ದಿನ ಚೆನ್ನಾಗಿದ್ದೆ. ಇದು ಮಗುವಲ್ಲ, ಕಣ್ಣೂ ಅಲ್ಲ. ಈ ಕೋಣೆ." ಹೇಳುತ್ತಲೇ ಎದ್ದಳು, ತೂರಾಡಿದಳು, ಬಾಯ್ಲರಿನ ಗುಂಡಿ ತಿರುಗಿಸಿ ಆರಿಸಿದಳು, ಕಿಟಕಿ ತಳ್ಳಿದಳು. "ಎಲ್ರೂ ಹೊರಗೆ! ಕುಸ್ಕುಸ್ ಇರ್ಲಿ ಬಿಡಿ, ಹೊರಗೆ!"

ಹೊಸ್ತಿಲು ದಾಟುತ್ತಲೇ ಅವಳೇ ಕುಸಿದುಬಿದ್ದಳು.

ಅಲ್ಲಿಂದ ಮುಂದೆ ಕೆಲವು ಗಳಿಗೆ ನನಗೆ ತಮಾಷೆ ಹೊಳೆಯುವುದಿಲ್ಲ. ಹಿಮದ ಮೇಲೆ ಬಿದ್ದ ಸೊಸೆಯ ತಲೆಯನ್ನು ತಾವೂಸ್ ತೊಡೆಯ ಮೇಲಿಟ್ಟುಕೊಂಡು, "ನವಾರಾ, ಮಗಳೇ, ಬೈಯೇ ನನ್ನ, ಒಂದು ಸಲ ಎದುರು ಮಾತಾಡೇ" ಎಂದು ಕೆನ್ನೆ ತಟ್ಟುತ್ತಿದ್ದಳು. ಲಝ್ಹರ್ ಅಗ್ನಿಶಾಮಕದ ನಂಬರ್ ಹದಿನಾಲ್ಕಕ್ಕೆ ಫೋನು ಮಾಡಿದ. ಅಗ್ನಿಶಾಮಕದವರು ಬಂದರು, ನವಾರಾಳ ಮುಖಕ್ಕೆ ಆಮ್ಲಜನಕದ ಮುಚ್ಚಳ ಹಾಕಿದರು, ನಮ್ಮನ್ನೆಲ್ಲ ಗಾಡಿಗೆ ತುಂಬಿ ಆಸ್ಪತ್ರೆಗೆ ಒಯ್ದರು. ಸಂಜೆಯ ಹೊತ್ತಿಗೆ ನವಾರಾ ಕಣ್ಣು ತೆರೆದು, "ಕುಸ್ಕುಸ್ ಒಲೆ ಆರಿಸಿದ್ರಾ?" ಎಂದು ಕೇಳಿದಳು. ಆಗ ನಮಗೆ ಜೀವ ಬಂತು.

ಡಾಕ್ಟರು ಇನ್ನೊಂದನ್ನೂ ಹೇಳಿದರು: ಬಸಿರಿಲ್ಲ. ತಾವೂಸ್ ತಲೆಯಾಡಿಸಿದಳು. ಮನೆಗೆ ಬಂದು, ಆ ವಾರ ಇಳಿಸಿಟ್ಟಿದ್ದ ತೊಟ್ಟಿಲನ್ನು ಅಟ್ಟಕ್ಕೇರಿಸಿದಳು. ಈ ಸಲ ಒರೆಸಲಿಲ್ಲ.

ಮಾರನೆಯ ಬೆಳಗ್ಗೆ ಅಗ್ನಿಶಾಮಕದ ಅಧಿಕಾರಿಣಿಯೊಬ್ಬಳು ಅಳತೆಯ ಯಂತ್ರ ಹಿಡಿದು ಬಂದಳು, ಜೊತೆಗೆ ತಪ್ಪಿತಸ್ಥನಂತೆ ಬೂಜಮಾ. ಕಿಟಕಿ ಬಾಗಿಲು ಹಾರುಹೊಡೆದು ಬಾಯ್ಲರನ್ನು ಒಂದು ಗಳಿಗೆ ಹೊತ್ತಿಸಿದರು. ಯಂತ್ರ ಮದುವೆಮನೆಯ ಅತ್ತೆಯಂತೆ ಕಿರುಚಿತು. ತಾವೂಸ್ ಮೂಗು ಚಾಚಿ ಎಳೆದು ನೋಡಿದಳು.

"ಎಲ್ಲಿ? ನನಗೇನೂ ಬರ್ತಿಲ್ಲ."

"ಯಾರಿಗೂ ಬರಲ್ಲ ಅಜ್ಜಿ" ಎಂದಳು ಅಧಿಕಾರಿಣಿ. "ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ವಾಸನೆಯೇ ಇಲ್ಲ. ಅದಕ್ಕೇ ಇಷ್ಟು ಜನ ನಿದ್ದೇಲೇ ಹೋಗ್ತಾರೆ."

ಬೂಜಮಾ ಉರಿಯುವ ಕಾಗದವನ್ನು ಕೊಳವೆಯ ಬುಡಕ್ಕೆ ಹಿಡಿದ. ಹೊಗೆ ಮೇಲೆ ಹೋಗಲಿಲ್ಲ. ಮೆಲ್ಲಗೆ ತಿರುಗಿ ತಾವೂಸಳ ಮುಖಕ್ಕೇ ಬಂತು. ಗೋಡೆಯ ಬುಡದಿಂದ ಅವನು ಮಬ್ರೂಕನ ನಿಲುವಂಗಿ ಎಳೆದು ಹೊರತೆಗೆದ. ಏನೂ ಹೇಳಲಿಲ್ಲ. ತಾವೂಸಳೂ ಏನೂ ಹೇಳಲಿಲ್ಲ. ಅವಳು ಏನೂ ಹೇಳದ್ದು ನಾನು ಕಂಡಂತೆ ಅದೇ ಮೊದಲು.

"ಗೂಡು ಇರೋವರೆಗೂ ಈ ಬಾಯ್ಲರ್ ಹೊತ್ತಿಸೋ ಹಾಗಿಲ್ಲ" ಎಂದಳು ಅಧಿಕಾರಿಣಿ. "ಗೂಡಲ್ಲಿ ಹಕ್ಕಿ ಇದೆ, ಈಗ ಅದನ್ನ ಮುಟ್ಟೋ ಹಾಗೂ ಇಲ್ಲ."

ಅವರು ಹೋದ ಮೇಲೆ ತಾವೂಸ್ ಏಣಿ ತರಿಸಿದಳು. ನಾವು ಬೇಡವೆಂದರೂ ಕೇಳದೆ ಮಾಡಿನ ಅಂಚಿನವರೆಗೆ ಹತ್ತಿದಳು. ನಾನು ಒಂದು ಕಡೆ, ಮಗ ಒಂದು ಕಡೆ ಏಣಿ ಹಿಡಿದೆವು. ಗೂಡಿನಲ್ಲಿ ಹಾಜಿ ಒಂಟಿಕಾಲಲ್ಲಿ ನಿಂತು ಕೆಳಗೆ ನೋಡಿದರು.

"ಸಲಾಂ ಹಾಜಿ" ಎಂದಳು. "ನಿನ್ನ ಮನೆಗೆ ನಾನು ಯಾವತ್ತಾದ್ರೂ ಕೈ ಹಾಕಿದ್ದೀನಾ? ನಿನ್ನ ಮರಿ ಬಿದ್ದಾಗ ಸೆರಗಲ್ಲಿ ಎತ್ಕೊಂಡು ಬಂದವಳು ಯಾರು? ನಾನು. ನನ್ನ ಮಗನ ಕಾಲುಚೀಲ ಒಯ್ದೆ, ಕೇಳಿದ್ನಾ? ಇಲ್ಲ. ನೀನು ಮಾಡಿದ್ದೇನು? ನನ್ನ ಸೊಸೆ ಮೂಗಿಗೆ ಮಣ್ಣು ಮೆತ್ತಿದೆ! ಮೂರು ಸಲ ಅಲ್ಲ, ಮುನ್ನೂರು ಸಲ ಮಕ್ಕಾಕ್ಕೆ ಹೋಗಿ ಬಂದ್ರೂ ಕೆಳಗಿನ ಮನೆಯವರ ಉಸಿರು ಕಟ್ಟಿಸಿದವನ ಯಾತ್ರೆ ಸಲ್ಲಲ್ಲ, ತಿಳ್ಕೋ!"

ಹಾಜಿ ಕತ್ತು ಹಿಂದಕ್ಕೆ ಬಾಗಿಸಿ ಕೊಕ್ಕು ಕಟಕಟ ಬಡಿದರು.

"ಎದುರು ಮಾತು ಬೇರೆ!" ಎಂದಳು. ಆಮೇಲೆ ದನಿ ಇಳಿಯಿತು. "ನಿಂದೇನು ತಪ್ಪು ಬಿಡು. ನೀನು ಹಕ್ಕಿ. ತೂತು ಮುಚ್ಚಿದವಳು ನಾನು."

ಕೆಳಗಿಳಿದು ಸೊಸೆಯ ಮುಂದೆ ನಿಂತಳು. "ಬಾಯ್ಲರ್ ಹೋಗ್ಲಿ. ನಿನಗೆ ಚಳಿಯಾದ್ರೆ ನನ್ನ ಬೈಕೋ, ಬೆಚ್ಚಗಾಗುತ್ತೆ."

"ಲಾಲ್ಲಾ, ಆ ಲೆಕ್ಕದಲ್ಲಿ ಏಪ್ರಿಲ್‌ವರೆಗೂ ನಾನು ಬೆವರ್ತೀನಿ" ಎಂದಳು ನವಾರಾ.

ಆ ಚಳಿಗಾಲದ ಉಳಿದ ದಿನಗಳಲ್ಲಿ ತಾವೂಸ್ ಒಂದರ ಮೇಲೊಂದು ಎಷ್ಟು ಬಟ್ಟೆ ಹಾಕಿಕೊಂಡಳೆಂದರೆ, ಬಾಗಿಲು ದಾಟಲು ಪಕ್ಕಕ್ಕೆ ತಿರುಗಬೇಕಾಯಿತು. ಹಮಾಮಿನವಳು ಅವಳಿಗೆ ಖಾಯಂ ಜಾಗ ಬಿಟ್ಟುಕೊಟ್ಟಳು. ರಾತ್ರಿ ಅತ್ತೆ ಸೊಸೆ ಒಂದೇ ಕಂಬಳಿಯಡಿ ಮಲಗುತ್ತಿದ್ದರು. ಅದರ ಬಗ್ಗೆ ಲಝ್ಹರ್ ಕಾಫಿ ಅಂಗಡಿಯಲ್ಲಿ ದೂರುತ್ತಿದ್ದ, ಅವನ ಪಾಲಿಗೆ ಮಕ್ನೀನ್ ಮಾತ್ರ ಉಳಿದಿತ್ತು.

ಬಿಸಿಲು ಬಲಿತ ಮೇಲೆ ಬೂಜಮಾ ಬೇರೆ ಬಗೆಯ ಬಾಯ್ಲರ್ ತಂದ. ಅದು ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವಂಥದ್ದು. ಮನೆಯೊಳಗಿನ ಉಸಿರಿಗೆ ಅದರ ಸಹವಾಸವಿಲ್ಲ. ಅದರ ಕೊಳವೆ ಗೋಡೆ ತೂರಿ ಅಂಗಳಕ್ಕೆ ಬಾಯಿ ತೆರೆಯಬೇಕಾಗಿತ್ತು, ಸರಿಯಾಗಿ ತಾವೂಸಳ ಕಲ್ಲಿನ ಕಟ್ಟೆಯ ಮೇಲೆ. ಆ ಕಟ್ಟೆಯ ಮೇಲೆ ಕೂತೇ ಅವಳು ಒಂದು ಜನ್ಮವಿಡೀ ಬೀದಿಯನ್ನು ಮೂಸಿದ್ದಳು. ಬೂಜಮಾ ಅಂಜುತ್ತಾ ಹೇಳಿದ. "ಕಟ್ಟೆ ಕಿತ್ತು ಆಚೆ ಹಾಕು" ಎಂದಳು ತಾವೂಸ್, ಕಣ್ಣು ಮಿಟುಕಿಸದೆ. ಹಳೆಯ ಹೊಗೆಕೊಳವೆ ಪೂರ್ತಿ ಹಾಜಿಯ ಪಾಲಾಯಿತು.

ಅಡುಗೆಮನೆಯ ಒಳಗೋಡೆಗೆ ಅಧಿಕಾರಿಣಿ ಹೇಳಿದಂತೆ ಒಂದು ಬಿಳಿ ಡಬ್ಬಿಯನ್ನೂ ಹಾಕಿಸಿದಳು. ಆ ವಿಷಗಾಳಿ ಬಂದರೆ ಕಿರುಚುವ ಡಬ್ಬಿ. ಅದಕ್ಕೆ ಅವಳಿಟ್ಟ ಹೆಸರು ಎರಡನೇ ಮೂಗು. ಅದು ಎಚ್ಚರವಾಗಿದೆಯೋ ಇಲ್ಲವೋ ಎಂದು ದಿನಾ ಬೆಳಗ್ಗೆ ಗುಂಡಿ ಒತ್ತಿ ಕಿರುಚಿಸುವಳು. ಮಸೀದಿಯ ಕರೆಗೆ ಏಳದವರೂ ಅದಕ್ಕೆ ಎದ್ದರು.

ಬೀದಿಯ ಮೇಲೆ ಅವಳ ಸವಾರಿ ಶುರುವಾಯಿತು. ಯಾರ ಮನೆಗೆ ಹೋದರೂ ಸಲಾಮಿಗೆ ಮೊದಲು ಮಾಡು ನೋಡುವಳು, ಆಮೇಲೆ ಗೋಡೆಯ ಬುಡ ನೋಡುವಳು, ಕಡೆಗೆ ಮನೆಯವರ ಮುಖ. ಗಾಳಿಯ ತೂತಿಗೆ ತುರುಕಿದ ಚಿಂದಿ ಕಂಡರೆ ಊರುಗೋಲಿನ ತುದಿಯಿಂದ ಎಳೆದು ಅದನ್ನೇ ಮನೆಯೊಡತಿಯ ಕೈಗೆ ಕೊಟ್ಟು, "ಇದು ನಿನ್ನ ಹೆಣಕ್ಕೆ ಹೊದಿಸೋ ಕಫನ್ನು, ಮಡಿಸಿಡು" ಎನ್ನುವಳು. ಜ್ವಾಲೆ ಹಳದಿಯಾಗಿದ್ದರೆ ಬೂಜಮಾನನ್ನು ಊಟದ ತಟ್ಟೆಯಿಂದ ಎಬ್ಬಿಸಿ ತರುವಳು. ನನ್ನ ಮನೆಯ ಸ್ನಾನದ ಗೀಸರಿನ ಕೊಳವೆ ಸಡಿಲವಾಗಿರುವುದನ್ನು ಕಂಡು, ಅದು ಸರಿಯಾಗುವವರೆಗೆ ನನಗೆ ಸ್ನಾನ ನಿಷೇಧಿಸಿದಳು. ಅದರ ಕಷ್ಟ ಊರೇ ಅನುಭವಿಸಿತು, ಅವಳ ಮೂಗೇ ಎಲ್ಲರಿಗಿಂತ ಹೆಚ್ಚು.

ಬೇಸಿಗೆ ಕಳೆಯಿತು. ಹಾಜಿ ಯಾತ್ರೆಗೆ ಹೊರಟರು. ಅಕ್ಟೋಬರಿನ ಮೊದಲ ಚಳಿಗೆ ಹೊಸ ಬಾಯ್ಲರನ್ನು ಹೊತ್ತಿಸಿದ ವಾರ, ಒಂದು ಮಧ್ಯಾಹ್ನ ನಾನು ಕನ್ನಡಿಯ ಮುಂದೆ ಅರ್ಧ ಗಡ್ಡ ಬೋಳಿಸಿ ನಿಂತಿದ್ದೆ.

"ಹೊರಗೆ! ಎಲ್ರೂ ಹೊರಗೆ! ಅಲ್ಲಾವಾ, ನೀನೂ!"

ಓಡಿಹೋಗಿ ನೋಡಿದರೆ ತಾವೂಸಳ ಅಂಗಳದಲ್ಲಿ ನವಾರಾ ಬಚ್ಚಲ ಕಲ್ಲಿನ ಬಳಿ ಬಗ್ಗಿ ವಾಂತಿ ಮಾಡುತ್ತಿದ್ದಾಳೆ. ಕಿಟಕಿ ಬಾಗಿಲೆಲ್ಲ ಹಾರುಹೊಡೆದಿವೆ. ಲಝ್ಹರ್ ಬರಿಗಾಲಲ್ಲಿ ನಿಂತಿದ್ದಾನೆ. ತಾವೂಸ್ ಆಗಲೇ ಬಾಯ್ಲರ್ ಆರಿಸಿ, ಹದಿನಾಲ್ಕಕ್ಕೆ ಫೋನು ಹಚ್ಚಿ, ಬೂಜಮಾನಿಗೂ ಹೇಳಿ ಕಳಿಸಿ, ಸೊಸೆಯ ಬೆನ್ನಿಗೆ ಕಂಬಳಿ ಹೊದಿಸಿ, ದೇವರ ಹೆಸರನ್ನೂ ಬೂಜಮಾನ ಹೆಸರನ್ನೂ ಒಂದೇ ಉಸಿರಿನಲ್ಲಿ, ಆದರೆ ಬೇರೆ ಬೇರೆ ವಿಶೇಷಣಗಳೊಂದಿಗೆ ಕೂಗುತ್ತಿದ್ದಾಳೆ.

"ಅಮ್ಮಾ," ಎಂದ ಲಝ್ಹರ್, "ಡಬ್ಬಿ ಕಿರುಚಿಲ್ಲ. ಹಸಿರು ದೀಪ ಇದೆ."

"ಡಬ್ಬಿ ಸತ್ತಿರಬೇಕು!"

"ಬೆಳಗ್ಗೆ ತಾನೇ ನೀನೇ ಕಿರುಚಿಸಿದ್ಯಲ್ಲ."

ಆಗ ಅಡುಗೆಮನೆಯ ಒಳಗಿನಿಂದ, ಗಡಿಬಿಡಿಯಲ್ಲಿ ಎಲ್ಲರೂ ಮರೆತು ಬಂದಿದ್ದ ಪಂಜರದಿಂದ, ಮಕ್ನೀನ್ ಹಾಡಲು ಶುರುಮಾಡಿತು. ಬರಿಯ ಹಾಡಲ್ಲ, ಗಂಟಲು ಹರಿಯುವ ಹಾಡು. ನಾವೆಲ್ಲ ಬಾಗಿಲ ಕಡೆ ತಿರುಗಿ ನಿಂತೆವು.

ನವಾರಾ ಮುಖ ತೊಳೆದುಕೊಂಡು ತಲೆ ಎತ್ತಿದಳು. "ಲಾಲ್ಲಾ, ಗಾಳಿ ಅಲ್ಲ. ನೀವು ಬೆಳ್ಳುಳ್ಳಿ ಹುರೀತಿದ್ರಲ್ಲ... ಆ ವಾಸನೆ ತಡೆಯೋಕಾಗ್ಲಿಲ್ಲ."

ತಾವೂಸ್ ಕಲ್ಲಾದಳು.

"ಏನಂದೆ? ವಾಸನೆನಾ?"

"ಹೂಂ. ಈ ವಾರವೆಲ್ಲ ಹಾಗೇ. ಬೆಳ್ಳುಳ್ಳಿ, ಸಾಬೂನು, ಇವರ ಕಾಲುಚೀಲ. ಈ ಸಲ ನನಗೂ ಸಂಶಯ ಲಾಲ್ಲಾ."

"ವಾಸನೆ ಇದೆ ಅಂತೀಯಾ?"

"ಇದೆ."

"ಸರಿಯಾಗಿ ಹೇಳೇ, ಇದೆಯಾ?"

"ಅಯ್ಯೋ, ಇದೆ ಲಾಲ್ಲಾ!"

ತಾವೂಸ್ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ನಾಲಗೆ ಆಡಿಸಿ ಮದುವೆಮನೆಯ ಹೆಂಗಸರ ಹರ್ಷದ ಉಲುಲು ಕೂಗು ಹಾಕಿದಳು ನೋಡಿ, ಬೀದಿಯ ತಿರುವಿನಲ್ಲಿ ಗಂಟೆ ಬಾರಿಸುತ್ತಾ ಬರುತ್ತಿದ್ದ ಅಗ್ನಿಶಾಮಕದ ಗಾಡಿ ತನಗಿಂತ ದೊಡ್ಡ ಗಾಡಿ ಎದುರು ಬರುತ್ತಿದೆಯೆಂದು ದಾರಿ ಬಿಟ್ಟು ನಿಂತಿತು. ಅದರಿಂದ ಇಳಿದ ಅಧಿಕಾರಿಣಿಯ ಕೈಗೆ, ಏನು ಎತ್ತ ಎಂದು ಕೇಳುವ ಮೊದಲೇ, ತಾವೂಸ್ ಒಳಗೋಡಿ ಒಂದು ಬಟ್ಟಲು ತಂದಿಟ್ಟಳು. ಝರೀರ್. ಯಾವಾಗ ಕಲಸಿದ್ದಳೋ, ಎಷ್ಟು ತಿಂಗಳಿಂದ ಕಾಯುತ್ತಿತ್ತೋ, ನಾನು ಕೇಳಲಿಲ್ಲ.

ಆಮೇಲೆ ಅಂಗಳದ ನಡುವೆ ನಿಂತು, ಖಾಲಿ ಗೂಡಿನ ಕಡೆ ಮುಖವೆತ್ತಿ, ದಕ್ಷಿಣದ ಮರಳುಗಾಡು ದಾಟಿ ಕೇಳಿಸಲೆಂಬಂತೆ ಕೂಗಿದಳು:

"ಹಾಜೀ! ಬರುವಾಗ ಮಗುವಿಗೆ ಏನಾದ್ರೂ ತಗೊಂಡು ಬಾ! ಚಿಂದಿ ಮಾತ್ರ ಬೇಡ!"